ಓದಲು ಬಾರದವರಿಗಾಗಿ ಬರೆದ ಕಂಪ್ಯೂಟರ್ ಆಟಗಳು

1980ರ ದಶಕದ ಶುರು. ಒಂದು ಆಪಲ್ 2 ಕಂಪ್ಯೂಟರ್, ಅದರ ಮುಂದೆ ನಾಲ್ಕು ವರ್ಷದ ಮಗು. ‘ಮುಂದುವರಿಯಲು ರಿಟರ್ನ್ ಕೀ ಒತ್ತಿ’ ಅಂತ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂದಿದೆ. ಮಗು ಸುಮ್ನೆ ನೋಡುತ್ತಾ ಕೂತಿದೆ. ಅದಕ್ಕೆ ಓದಲು ಬರುವುದಿಲ್ಲ. ಓದು ಕಲಿಯಲಿ ಅಂತಲೇ ತಂದ ಆಟ ಅದು. ಆಟದ ಒಳಗೆ ಹೋಗಬೇಕೆಂದರೆ ಮೊದಲು ಓದಬೇಕು!

ಆ ಕಾಲದ ಪುಟಾಣಿಗಳ ಆಟದ ಸಂಗ್ರಹಗಳನ್ನು ಇವತ್ತು ತೆರೆದರೆ ನಗು ಬರಬಹುದು. ಚೌಕ ಚೌಕದ ಚಿತ್ರ, ನಾಲ್ಕಾರು ಬಣ್ಣ, ಪೀಂ ಪೀಂ ಸದ್ದು. ಆದರೆ ಅವನ್ನು ಬರೆದವರಿಗೆ ಎದುರಾಗಿದ್ದ ಪ್ರಶ್ನೆ ಸಣ್ಣದಲ್ಲ. ಓದಲು ಬಾರದ, ಬೆರಳು ಇನ್ನೂ ಪಳಗದ, ಹೇಳಿದ್ದನ್ನು ಕೇಳುವ ಖಾತ್ರಿಯೂ ಇಲ್ಲದ ಆಟಗಾರನಿಗೆ ಪ್ರೋಗ್ರಾಮ್ ಬರೆಯುವುದು ಹೇಗೆ? ಬ್ಯಾಂಕಿಗೋ ಆಫೀಸಿಗೋ ಸಾಫ್ಟ್‌ವೇರ್ ಬರೆಯುವವರಿಗೆ ಈ ತಲೆನೋವು ಇರಲಿಲ್ಲ.

ಒಂದು ಡಬ್ಬಿ, ಹಲವು ಆಟ

ಈ ಆಟಗಳು ಒಂದೊಂದಾಗಿ ಬಂದದ್ದು ಕಡಿಮೆ. ಒಂದು ಫ್ಲಾಪಿಯಲ್ಲೋ (ಆಗ ಪ್ರೋಗ್ರಾಮ್ ತುಂಬಿಡುತ್ತಿದ್ದ ತೆಳು ಕಾಂತದ ತಟ್ಟೆ) ಕ್ಯಾಸೆಟ್‌ನಲ್ಲೋ ನಾಲ್ಕು, ಆರು, ಎಂಟು ಚಿಕ್ಕ ಆಟಗಳು ಸೇರಿರುತ್ತಿದ್ದವು. ಬ್ರಿಟನ್ನಿನಲ್ಲಿ 1984ರಲ್ಲಿ ಶುರುವಾದ ‘ಫನ್ ಸ್ಕೂಲ್’ ಇದಕ್ಕೆ ಒಳ್ಳೆಯ ಉದಾಹರಣೆ. 1989ರಲ್ಲಿ ಬಂದ ಅದರ ಎರಡನೇ ಕಂತಿನಲ್ಲಿ ಮೂರು ಡಬ್ಬಿಗಳಿದ್ದವು: ಆರು ವರ್ಷದ ಒಳಗಿನವರಿಗೆ ಒಂದು, ಆರರಿಂದ ಎಂಟರವರಿಗೆ ಒಂದು, ಎಂಟು ದಾಟಿದವರಿಗೆ ಒಂದು. ಪ್ರತಿಯೊಂದರಲ್ಲೂ ಎಂಟು ಆಟ. ಬಿಬಿಸಿ ಮೈಕ್ರೋ, ಝಡ್‌ಎಕ್ಸ್ ಸ್ಪೆಕ್ಟ್ರಮ್, ಕಮೊಡೋರ್ 64, ಅಮಿಗಾ ಹೀಗೆ ಆಗ ಮನೆಯಲ್ಲೂ ಶಾಲೆಯಲ್ಲೂ ಇದ್ದ ಹಲವು ಬಗೆಯ ಕಂಪ್ಯೂಟರ್‌ಗಳಿಗೆ ಇದೇ ಆಟಗಳನ್ನು ಮತ್ತೆ ಮತ್ತೆ ಬರೆಯಲಾಯಿತು.

ಯಾಕೆ ಹೀಗೆ ಗುಂಪಾಗಿ? ಚಿಕ್ಕ ಮಕ್ಕಳು ಒಂದೇ ಆಟದಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ ಅನ್ನುವುದು ಒಂದು ಕಾರಣ. ಎಂಟು ಆಟ ಇದೆ ಅಂದರೆ ಅಪ್ಪ ಅಮ್ಮಂದಿರಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಿಸುತ್ತದೆ, ಅದು ಇನ್ನೊಂದು. ಆದರೆ ಇವೆರಡಕ್ಕಿಂತ ಗಟ್ಟಿಯಾದ ಕಾರಣ ಯಂತ್ರದೊಳಗೇ ಇತ್ತು. ಆಗಿನ ಮೆಮೊರಿಯಲ್ಲಿ ದೊಡ್ಡ ಆಟ ಹಿಡಿಸುತ್ತಿರಲಿಲ್ಲ. ಒಂದು ಚಿಕ್ಕ ಆಟ ತಂದು ಮೆಮೊರಿಯಲ್ಲಿ ಇಡು, ಮುಗಿದ ಮೇಲೆ ಅದನ್ನು ಒರೆಸು, ಮುಂದಿನದನ್ನು ತಾ. ಸಂಗ್ರಹ ಅನ್ನುವ ರೂಪ ಹುಟ್ಟಿದ್ದೇ ಹೀಗೆ.

ಫ್ಲಾಪಿ ಇದ್ದರೆ ಇದು ಸಲೀಸು. ಕ್ಯಾಸೆಟ್ ಆದರೆ ಗೋಳು. ಫ್ಲಾಪಿಯಲ್ಲಿ ಬೇಕಾದ ಜಾಗಕ್ಕೆ ನೇರ ಹೋಗಬಹುದು, ಟೇಪಿನಲ್ಲಿ ಒಂದಾದ ಮೇಲೆ ಒಂದೇ. ಸ್ಪೆಕ್ಟ್ರಮ್‌ನ ಪೂರ್ತಿ 48 ಕೆಬಿ ಮೆಮೊರಿ ತುಂಬುವಷ್ಟು ಆಟ ಟೇಪಿನಿಂದ ಬರಲು ಸುಮಾರು ಐದು ನಿಮಿಷ ಬೇಕಿತ್ತು. ಐದನೇ ಆಟ ಬೇಕು ಅಂತ ಹಟ ಹಿಡಿದ ಮಗುವನ್ನು ಅಷ್ಟು ಹೊತ್ತು ಸಂಭಾಯಿಸುವ ಕೆಲಸ ದೊಡ್ಡವರದ್ದು.

ಮೂರಕ್ಷರದ ರೈಲು

ಒಂದು ಸಂಗ್ರಹವನ್ನು ಬಿಚ್ಚಿ ನೋಡೋಣ. ಅಮೆರಿಕದ ‘ದ ಲರ್ನಿಂಗ್ ಕಂಪನಿ’ 1980ರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಆನ್ ಮೆಕಾರ್ಮಿಕ್, ಲೆಸ್ಲಿ ಗ್ರಿಮ್, ಟೆರಿ ಪರ್ಲ್ ಇದ್ದರು, ವಿಡಿಯೋ ಗೇಮ್ ಕಂಪನಿ ಅಟಾರಿಯಿಂದ ಬಂದ ವಾರೆನ್ ರಾಬಿನೆಟ್ ಇದ್ದರು. ಲೆಸ್ಲಿ ಗ್ರಿಮ್ ಮಾಡಿದ ‘ರೀಡರ್ ರ್‍ಯಾಬಿಟ್’ 1984ರ ಹೊತ್ತಿಗೆ ಆಪಲ್ 2ಕ್ಕೆ ಬಂತು. ಅದರಲ್ಲಿ ನಾಲ್ಕು ಆಟ. ನಾಲ್ಕೂ ಇಂಗ್ಲಿಷಿನ ಮೂರಕ್ಷರದ ಪದಗಳ ಮೇಲೆಯೇ ನಿಂತಿವೆ.

ಮೊದಲನೆಯದು ವಿಂಗಡಿಸುವ ಆಟ. ಒಂದು ಅಕ್ಷರ ಕೊಟ್ಟಿರುತ್ತಾರೆ, ಅದು ಪದದಲ್ಲಿ ಮೊದಲು ಬರಬೇಕೋ ನಡುವೆಯೋ ಕೊನೆಗೋ ಅಂತ ಹೇಳಿರುತ್ತಾರೆ. ಪದಗಳು ಒಂದೊಂದಾಗಿ ಬರುತ್ತವೆ. ಸರಿ ಇದ್ದದ್ದನ್ನು ಇಟ್ಟುಕೊಳ್ಳಬೇಕು, ಉಳಿದದ್ದನ್ನು ಎಸೆಯಬೇಕು. ಇನ್ನೊಂದು ಆಟದಲ್ಲಿ ಚಿತ್ರಕ್ಕೆ ಹೆಸರು ಜೋಡಿಸಬೇಕು. ಮತ್ತೊಂದರಲ್ಲಿ ಮಗುಚಿಟ್ಟ ಕಾರ್ಡ್‌ಗಳ ಜೋಡಿ ಹುಡುಕಬೇಕು. ನನಗೆ ತುಂಬಾ ಇಷ್ಟವಾದದ್ದು ಪದಗಳ ರೈಲು. ಪ್ರತಿ ಬೋಗಿಯಲ್ಲೂ ಒಂದು ಪದ. ಹಿಂದಿನ ಬೋಗಿಯ ಪದಕ್ಕೂ ಮುಂದಿನದಕ್ಕೂ ಒಂದೇ ಒಂದು ಅಕ್ಷರ ವ್ಯತ್ಯಾಸ ಇರಬೇಕು. ‘ಕ್ಯಾಟ್’ ಆದ ಮೇಲೆ ‘ಹ್ಯಾಟ್’ ಬರಬಹುದು, ‘ಹ್ಯಾಟ್’ ಆದ ಮೇಲೆ ‘ಹ್ಯಾಮ್’. ‘ಕ್ಯಾಟ್’ ಹಿಂದೆ ನೇರವಾಗಿ ‘ಹ್ಯಾಮ್’ ಸೇರಿಸುವ ಹಾಗಿಲ್ಲ.

ನೋಡಲು ಇದು ತೀರಾ ಸರಳ. ಆದರೆ ಈ ಆಟಕ್ಕೆ ಮಗು ಪದದ ಅರ್ಥ ತಿಳಿಯಬೇಕಾಗಿಲ್ಲ, ಅದನ್ನು ಓದಲೂ ಬೇಕಾಗಿಲ್ಲ. ಎರಡು ಪದಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದರೆ ಸಾಕು. ಪದ ಅಂದರೆ ಒಂದು ಮುದ್ದೆ ಚಿತ್ರ ಅಲ್ಲ, ಬಿಡಿಸಿ ಜೋಡಿಸಬಹುದಾದ ತುಂಡುಗಳು ಅನ್ನುವುದು ಓದು ಕಲಿಯುವ ಮಗುವಿಗೆ ಆಗಬೇಕಾದ ಮೊದಲ ಹೊಳಹು. ರೈಲು ಅದನ್ನು ಪಾಠ ಹೇಳದೆಯೇ ತೋರಿಸುತ್ತದೆ.

ಕಂಪ್ಯೂಟರಿಗೂ ಇದು ಅಗ್ಗದ ಆಟ. ಎಷ್ಟು ಅಗ್ಗ ಅಂತ ಲೆಕ್ಕ ಹಾಕಿ. ಒಂದು ಅಕ್ಷರಕ್ಕೆ ಒಂದು ಬೈಟ್. ಇನ್ನೂರು ಪದ ಅಂದರೆ ಆರುನೂರು ಬೈಟ್, ಅಷ್ಟೇ. ಈಗ ಒಂದು ಚಿತ್ರ ತಗೊಳ್ಳಿ. ಆಪಲ್ 2ರ ಪರದೆಯಲ್ಲಿ ಅಡ್ಡಕ್ಕೆ 280 ಚುಕ್ಕೆ, ಉದ್ದಕ್ಕೆ 192. ಏಳು ಚುಕ್ಕೆಗೆ ಒಂದು ಬೈಟ್. 56 ಚುಕ್ಕೆ ಅಗಲ, 48 ಚುಕ್ಕೆ ಎತ್ತರದ ಒಂದು ಪುಟ್ಟ ಬೆಕ್ಕಿನ ಚಿತ್ರಕ್ಕೇ 384 ಬೈಟ್ ಬೇಕು. ಎರಡು ಚಿತ್ರ ಬರೆಯುವ ಜಾಗದಲ್ಲಿ ಇಡೀ ಪದಕೋಶ ಕೂರುತ್ತದೆ. ಓದಲು ಬಾರದ ಮಗುವಿಗೆ ಚಿತ್ರ ಬೇಕು, ಯಂತ್ರಕ್ಕೆ ಪದವೇ ಸಲೀಸು. ಈ ಎಳೆದಾಟ ಆ ಕಾಲದ ಎಲ್ಲ ಸಂಗ್ರಹಗಳಲ್ಲೂ ಕಾಣುತ್ತದೆ.

ಒಟ್ಟು ಎಷ್ಟು ಜಾಗ ಇತ್ತು? 48 ಕೆಬಿ ಇರುವ ಆಪಲ್ 2ರಲ್ಲಿ ಒಂದು ಪರದೆಯ ಚಿತ್ರಕ್ಕೆ 8 ಕೆಬಿ ಹೋಗುತ್ತದೆ. ಚಿತ್ರ ಮಿಣುಕದೆ ಓಡಾಡಬೇಕೆಂದರೆ ಎರಡು ಪರದೆ ಇಟ್ಟುಕೊಂಡು ಅದಲು ಬದಲು ಮಾಡಬೇಕು, ಅಲ್ಲಿಗೆ 16. ಫ್ಲಾಪಿ ನೋಡಿಕೊಳ್ಳುವ ಸಾಫ್ಟ್‌ವೇರ್ ಸುಮಾರು 10 ಕೆಬಿ ನುಂಗುತ್ತದೆ. ಉಳಿದ 22 ಕೆಬಿಯಲ್ಲಿ ಆಟ, ಅಕ್ಷರ, ಚಿತ್ರ, ಸದ್ದು ಎಲ್ಲ. ಬಿಬಿಸಿ ಮೈಕ್ರೋದಲ್ಲಿ ಇನ್ನೂ ಬಿಗಿ. ಅದರ ಒಟ್ಟು ಮೆಮೊರಿ 32 ಕೆಬಿ. ಎಂಟು ಬಣ್ಣದ ಪರದೆ ಬೇಕೆಂದರೆ 20 ಕೆಬಿ ಅದಕ್ಕೇ ಕೊಡಬೇಕು. ಜೊತೆಗೆ ಫ್ಲಾಪಿ ಡ್ರೈವ್ ಇದ್ದರೆ ಆಟಕ್ಕೆ ಉಳಿಯುವುದು 6 ಕೆಬಿಗೂ ಕಡಿಮೆ. ಹಾಗಾಗಿ ಎಷ್ಟೋ ಆಟಗಳು ನಾಲ್ಕೇ ಬಣ್ಣದಲ್ಲಿ ಬಂದವು. ಬರೆದವರಿಗೆ ಬಣ್ಣದ ರುಚಿ ಇರಲಿಲ್ಲ ಅಂತ ಅಲ್ಲ.

ಕೀಬೋರ್ಡ್ ಅನ್ನುವ ಕಾಡು

ಮೌಸ್ ಆಗ ಸಾಮಾನ್ಯ ಮನೆಗೆ ಬಂದಿರಲಿಲ್ಲ. ಇದ್ದದ್ದು ಕೀಬೋರ್ಡ್. ದೊಡ್ಡವರ ಬೆರಳಿಗೆ, ದೊಡ್ಡವರ ಕೆಲಸಕ್ಕೆ ಮಾಡಿದ್ದು. ಅದರ ಮೇಲಿರುವುದೆಲ್ಲ ಇಂಗ್ಲಿಷಿನ ದೊಡ್ಡಕ್ಷರ (ಕ್ಯಾಪಿಟಲ್). ಮಕ್ಕಳ ಪುಸ್ತಕದಲ್ಲಿ ಇರುವುದು ಸಣ್ಣಕ್ಷರ. ಹಳೆಯ ಆಪಲ್ 2 ಅಂತೂ ಪರದೆಯ ಮೇಲೂ ಸಣ್ಣಕ್ಷರ ಮೂಡಿಸುತ್ತಿರಲಿಲ್ಲ. 1983ರ ಆಪಲ್ 2ಇ ಬರುವವರೆಗೆ, ಸಣ್ಣಕ್ಷರ ಬೇಕಾದವರು ಅದನ್ನು ಚಿತ್ರದ ಹಾಗೆ ಚುಕ್ಕೆ ಚುಕ್ಕೆಯಾಗಿ ಬಿಡಿಸಬೇಕಿತ್ತು. ಅದಕ್ಕೂ ಮೆಮೊರಿ!

ಈ ಕಾಡಿನಲ್ಲಿ ದಾರಿ ಮಾಡಲು ಒಬ್ಬೊಬ್ಬರು ಒಂದೊಂದು ಉಪಾಯ ಹೂಡಿದರು. ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು ಎರಡು ಕೀ ಸೂತ್ರ. ಸ್ಪೇಸ್ ಬಾರ್ ಒತ್ತಿದರೆ ಬಾಣ ಮುಂದಿನ ಚಿತ್ರಕ್ಕೆ ಹೋಗುತ್ತದೆ, ರಿಟರ್ನ್ ಒತ್ತಿದರೆ ಆ ಚಿತ್ರ ಆಯ್ಕೆಯಾಗುತ್ತದೆ. ಉಳಿದ ಎಲ್ಲ ಕೀಗಳಿಗೂ ಕಿವುಡು. 1982ರ ‘ಫೇಸ್‌ಮೇಕರ್’ ಇನ್ನೂ ಜಾಣತನ ತೋರಿಸಿತು. ಕಣ್ಣು, ಮೂಗು, ಬಾಯಿ ಜೋಡಿಸಿ ಒಂದು ಮುಖ ಮಾಡು. ಆಮೇಲೆ ಒಂದೊಂದು ಕೀಗೆ ಒಂದೊಂದು ಚೇಷ್ಟೆ: ಕಣ್ಣು ಹೊಡೆಯುವುದು, ನಾಲಿಗೆ ಚಾಚುವುದು, ಕಿವಿ ಅಲ್ಲಾಡಿಸುವುದು. ನಾಲ್ಕೈದು ಕೀ ಸಾಲಾಗಿ ಒತ್ತಿಟ್ಟರೆ ಮುಖ ಅಷ್ಟನ್ನೂ ಅದೇ ಕ್ರಮದಲ್ಲಿ ಮಾಡಿ ತೋರಿಸುತ್ತದೆ. ಮಗು ಅಲ್ಲಿ ಮಾಡುತ್ತಿರುವುದು ಪ್ರೋಗ್ರಾಮಿಂಗ್. ಯಾರೂ ಅದಕ್ಕೆ ಹಾಗಂತ ಹೇಳಿರುವುದಿಲ್ಲ, ಅಷ್ಟೇ.

ಕೆಲವರು ಕೀಬೋರ್ಡನ್ನೇ ಬದಲಿಸಲು ಹೊರಟರು. 1984ರ ‘ಮಪೆಟ್ ಲರ್ನಿಂಗ್ ಕೀಸ್’ನಲ್ಲಿ ಅಕ್ಷರಗಳು ಎ, ಬಿ, ಸಿ ಅಂತ ವರ್ಣಮಾಲೆಯ ಕ್ರಮದಲ್ಲೇ ಕೂತಿದ್ದವು, ಬಣ್ಣಗಳಿಗೆ ಬೇರೆ ಗುಂಡಿಗಳಿದ್ದವು. ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮದ ಪಾತ್ರಗಳಿದ್ದ, ಟಿವಿಗೆ ಜೋಡಿಸುವ ಅಟಾರಿ 2600 ಯಂತ್ರದ ಆಟಗಳಿಗೆ 1983ರಲ್ಲಿ ಮಕ್ಕಳದೇ ಒಂದು ಗುಂಡಿಹಲಗೆ ಬಂತು. ಪ್ರತಿ ಆಟಕ್ಕೂ ಅದರ ಮೇಲೆ ಹಾಸುವ ಒಂದೊಂದು ಹಾಳೆ. ಯಾವ ಗುಂಡಿ ಯಾಕೆ ಅಂತ ಹಾಳೆಯ ಚಿತ್ರವೇ ಹೇಳುತ್ತಿತ್ತು.

ಆದರೂ ಮಕ್ಕಳು ಅಂದರೆ ಮಕ್ಕಳು. ಅಂಗೈಯಿಂದ ಕೀಬೋರ್ಡ್ ಬಡಿಯುತ್ತಾರೆ. ಸರಿ ಉತ್ತರಕ್ಕೆ ಪರದೆಯ ಮೇಲೆ ಮೊಲ ಕುಣಿಯುತ್ತಿರುವಾಗ ಸ್ಪೇಸ್ ಬಾರ್ ಮೇಲೆ ಇಪ್ಪತ್ತು ಸಲ ಗುದ್ದುತ್ತಾರೆ. ಪಿಸಿಯಲ್ಲಿ ಇಂಥ ಒತ್ತುಗಳು ಸರದಿಯಲ್ಲಿ ಕಾಯುತ್ತವೆ, 15ರವರೆಗೆ. ಮೊಲದ ಕುಣಿತ ಮುಗಿದದ್ದೇ ಆ ಹದಿನೈದೂ ಮುಂದಿನ ಪ್ರಶ್ನೆಗಳಿಗೆ ಉತ್ತರವಾಗಿ ನುಗ್ಗುತ್ತವೆ. ಮಗು ಏನೂ ಮಾಡದೆಯೇ ಮೂರು ಪ್ರಶ್ನೆ ತಪ್ಪು! ಹಾಗಾಗಿ ಪಳಗಿದವರು ಪ್ರಶ್ನೆ ಕೇಳುವ ಮುಂಚೆ ಆ ಸರದಿಯನ್ನು ಖಾಲಿ ಮಾಡುತ್ತಿದ್ದರು. ಒಂದೇ ಸಾಲಿನ ಕೋಡ್. ಅದು ಇದೆಯೋ ಇಲ್ಲವೋ ನೋಡಿದರೆ ಸಾಕು, ಬರೆದವರು ನಿಜವಾದ ಮಗುವಿನ ಕೈಗೆ ಆಟ ಕೊಟ್ಟು ನೋಡಿದ್ದರೋ ಇಲ್ಲವೋ ಗೊತ್ತಾಗುತ್ತದೆ ಅನ್ನುತ್ತೇನೆ ನಾನು. ಬಿಬಿಸಿ ಮೈಕ್ರೋದ ಬ್ರೇಕ್ ಕೀ ಕಥೆಯೂ ಇಂಥದ್ದೇ. ಬೆರಳು ತಾಗಿದರೆ ಆಟ ಬಿದ್ದುಹೋಗುತ್ತದೆ.

ತಪ್ಪು ಉತ್ತರ ಕೊಟ್ಟರೆ ಏನಾಗಬೇಕು?

ಇಂಥ ಆಟವೊಂದು ಚೆನ್ನಾಗಿದೆಯೋ ಇಲ್ಲವೋ ನೋಡಲು ನನ್ನದೊಂದು ಅಭ್ಯಾಸ ಇದೆ. ಮೊದಲ ಪ್ರಶ್ನೆಗೆ ಬೇಕಂತಲೇ ತಪ್ಪು ಉತ್ತರ ಕೊಡುತ್ತೇನೆ.

ಸರಿ ಉತ್ತರಕ್ಕೆ ಎಲ್ಲ ಆಟಗಳೂ ಒಂದೇ ರೀತಿ ಮಾಡುತ್ತವೆ: ಯಾರೋ ಕುಣಿಯುತ್ತಾರೆ, ಒಂದು ರಾಗ ಬರುತ್ತದೆ. ತಪ್ಪಿಗೆ ಏನು ಮಾಡುತ್ತವೆ ಅನ್ನುವುದರಲ್ಲೇ ಹೂರಣ ಇರುವುದು. ಮುಚ್ಚಿಟ್ಟ ಪದವನ್ನು ಒಂದೊಂದೇ ಅಕ್ಷರ ಊಹಿಸಿ ಕಂಡುಹಿಡಿಯುವ ಹ್ಯಾಂಗ್‌ಮ್ಯಾನ್ ಆಟ ಎಲ್ಲರಿಗೂ ಗೊತ್ತು. ಪ್ರತಿ ತಪ್ಪಿಗೂ ನೇಣಿಗೆ ಬೀಳುವ ಮನುಷ್ಯನ ಒಂದೊಂದು ಅಂಗ ಮೂಡುತ್ತದೆ. ಸರಿ ಹೇಳಿದರೆ ಬರೀ ಒಂದು ಅಕ್ಷರ. ಯಾವುದು ನೋಡಲು ಮಜಾ? ತಪ್ಪೇ ಮಜಾ, ಅಲ್ವಾ? ಕಂಪ್ಯೂಟರಿನಲ್ಲಿ ಇದಕ್ಕೆ ಚಲನೆ, ಸದ್ದು ಎಲ್ಲ ಸೇರಿದರೆ ಮಗು ಬೇಕಂತಲೇ ತಪ್ಪು ಮಾಡತೊಡಗುತ್ತದೆ. ಸೋಲಿನ ಚಿತ್ರ ಗೆಲುವಿನ ಚಿತ್ರಕ್ಕಿಂತ ಚೆನ್ನಾಗಿ ಬಂದುಬಿಟ್ಟರೆ ಆಟ ತಿರುಗಾ ಮುರುಗಾ ಆದ ಹಾಗೆ.

ಇದನ್ನು ಕೂತು ಪರೀಕ್ಷೆ ಮಾಡಿದವರು ಥಾಮಸ್ ಮಲೋನ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಅವರು ಮಂಡಿಸಿದ ಸಂಶೋಧನೆಯ ವಿಷಯವೇ ‘ಕಲಿಕೆ ಮಜಾ ಆಗುವುದು ಯಾವುದರಿಂದ’. ಕಂಪ್ಯೂಟರ್ ಆಟಗಳನ್ನು ಮಕ್ಕಳಿಗೆ ಕೊಟ್ಟು, ಒಂದೇ ಆಟದ ಒಂದೊಂದು ಅಂಶ ಕಿತ್ತುಹಾಕಿ, ಯಾವುದು ಇಲ್ಲದಿದ್ದರೆ ಮಕ್ಕಳು ಎದ್ದುಹೋಗುತ್ತಾರೆ ಅಂತ ನೋಡಿದರು. ಅವರ ಉತ್ತರದಲ್ಲಿ ಮೂರು ಮಾತು ಮುಖ್ಯ: ಸವಾಲು, ಕಲ್ಪನೆ, ಕುತೂಹಲ.

ಅವರು ಹಾಗೆ ಬಿಚ್ಚಿದ ಆಟ ‘ಡಾರ್ಟ್ಸ್’. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ಕಲಿಕೆಯ ವ್ಯವಸ್ಥೆಗಾಗಿ ಶ್ಯಾರನ್ ಡಗ್‌ಡೇಲ್ ಮತ್ತು ಡೇವಿಡ್ ಕಿಬಿ ಮಾಡಿದ್ದು. ಇದು ಸ್ವಲ್ಪ ದೊಡ್ಡ ಮಕ್ಕಳ ಆಟ, ಆದರೂ ಇಲ್ಲಿ ಹೇಳಲೇಬೇಕು. ಪರದೆಯ ಮೇಲೆ ಒಂದು ನೆಟ್ಟನೆಯ ಸಂಖ್ಯಾ ರೇಖೆ. ಅದರ ಮೇಲೆ ಅಲ್ಲಲ್ಲಿ ಬಲೂನು. ಬಲೂನು ಎಲ್ಲಿದೆ ಅಂತ ಭಿನ್ನರಾಶಿಯಲ್ಲಿ ಊಹಿಸಿ ಟೈಪ್ ಮಾಡಿದರೆ ಆ ಜಾಗಕ್ಕೆ ಬಾಣ ಹಾರುತ್ತದೆ. ಸರಿಯಾದರೆ ಬಲೂನು ಢಬ್. ತಪ್ಪಾದರೆ? ಬಾಣ ಹೋಗಿ ರೇಖೆಗೆ ಚುಚ್ಚಿಕೊಳ್ಳುತ್ತದೆ, ಅಲ್ಲೇ ಉಳಿಯುತ್ತದೆ. ನೀನು ಕಾಲು ಅಂದೆ, ಕಾಲು ಇರುವುದು ಇಲ್ಲಿ, ಬಲೂನು ಅದಕ್ಕಿಂತ ಚೂರು ಮೇಲಿದೆ. ಇಷ್ಟನ್ನೂ ಆಟ ಒಂದು ಮಾತೂ ಆಡದೆ ಹೇಳಿಬಿಟ್ಟಿತು. ಹ್ಯಾಂಗ್‌ಮ್ಯಾನ್‌ನಲ್ಲಿ ಸತ್ತ ಮನುಷ್ಯನಿಗೂ ಕಾಗುಣಿತಕ್ಕೂ ಯಾವ ನಂಟೂ ಇಲ್ಲ. ಡಾರ್ಟ್ಸ್‌ನಲ್ಲಿ ಬಾಣ ಬಿದ್ದ ಜಾಗವೇ ಪಾಠ. ಮಲೋನ್ ಎಳೆದ ಗೆರೆ ಇದೇ: ಪಾಠಕ್ಕೆ ಹೊರಗಿನಿಂದ ಅಂಟಿಸಿದ ಕಲ್ಪನೆ ಒಂದು, ಪಾಠದ ಜೊತೆ ಹೆಣೆದ ಕಲ್ಪನೆ ಇನ್ನೊಂದು.

ಈ ಕನ್ನಡಕ ಹಾಕಿಕೊಂಡು ಹಳೆಯ ಸಂಗ್ರಹಗಳನ್ನು ನೋಡಿ. ಬಹಳಷ್ಟು ಆಟ ಅಂಟಿಸಿದ ಬಗೆಯವೇ. ಲೆಕ್ಕ ಮಾಡು, ಕಪ್ಪೆ ಹಾರುತ್ತದೆ. ಅಕ್ಷರ ಹೇಳು, ಅದೇ ಕಪ್ಪೆ ಹಾರುತ್ತದೆ. ಆಟ ಬರೆಯುವವರಿಗೆ ಇದು ಸಲೀಸು, ಕಪ್ಪೆಯ ಚಿತ್ರ ಒಂದೇ ಸಲ ಬರೆದರಾಯಿತು. ಪದಗಳ ರೈಲು ಮಾತ್ರ ಬೇರೆ ಜಾತಿಯದು. ಅಲ್ಲಿ ಬೋಗಿ ಕೊಂಡಿ ಹಾಕಿಕೊಳ್ಳುವುದೇ ನಿಯಮ, ನಿಯಮವೇ ಪಾಠ.

ಊಹೆಯ ಕಾಟವೂ ಇತ್ತು. ಮೂರು ಚಿತ್ರದಲ್ಲಿ ಒಂದನ್ನು ಆರಿಸು ಅಂದರೆ ಕಣ್ಣು ಮುಚ್ಚಿ ಒತ್ತಿದರೂ ಮೂರಕ್ಕೊಂದು ಸರಿ. ತಪ್ಪಾದ ಮೇಲೆ ಮತ್ತೆ ಅವಕಾಶ ಕೊಟ್ಟರೆ ಮೂರನೇ ಸಲಕ್ಕೆ ಸರಿ ಆಗಲೇಬೇಕು! ಮಗು ಏನೂ ಕಲಿಯದೆ ಮೊಲ ಕುಣಿಸುತ್ತದೆ. ವಿಂಗಡಿಸುವ ಆಟ ಇದಕ್ಕೆ ಸದ್ದಿಲ್ಲದೆ ಮದ್ದು ಅರೆಯುತ್ತದೆ. ಇಟ್ಟುಕೋ ಅಥವಾ ಎಸೆ, ಒಂದೊಂದು ಪದಕ್ಕೆ ಇರುವುದು ಎರಡೇ ಆಯ್ಕೆ. ಆದರೆ ಸಾಲಾಗಿ ಹತ್ತು ಪದವನ್ನೂ ಬರೀ ಊಹೆಯಿಂದ ಸರಿ ಮಾಡುವ ಸಾಧ್ಯತೆ 1024ಕ್ಕೆ ಒಂದು.

ಮೆನು ಮಾಯವಾದದ್ದು

ಮೊದಲಿನ ಆ ‘ರಿಟರ್ನ್ ಒತ್ತಿ’ ಸಮಸ್ಯೆ ಏನಾಯಿತು? ಅದನ್ನು ಚೆನ್ನಾಗಿ ಬಿಡಿಸಿದ್ದು 1989ರಲ್ಲಿ ಬ್ರೋಡರ್‌ಬಂಡ್ ಕಂಪನಿ ತಂದ ‘ದ ಪ್ಲೇರೂಮ್’. ಇದರ ಹಿಂದೆಯೂ ಲೆಸ್ಲಿ ಗ್ರಿಮ್ ಅವರೇ. ಇದೂ ಒಂದು ಸಂಗ್ರಹವೇ, ಆದರೆ ಆಟಗಳ ಪಟ್ಟಿ ಇಲ್ಲ. ಒಂದು ಕೋಣೆಯ ಚಿತ್ರ ಇದೆ. ಗಡಿಯಾರ ಒತ್ತಿದರೆ ಹೊತ್ತು ನೋಡುವ ಆಟ, ಪುಸ್ತಕ ಒತ್ತಿದರೆ ಅಕ್ಷರದ ಆಟ, ಇಲಿಬಿಲ ಒತ್ತಿದರೆ ಎಣಿಕೆಯ ಆಟ. ಕೋಣೆಯಲ್ಲಿ ಇನ್ನೂ ಎಷ್ಟೋ ವಸ್ತುಗಳು ಸುಮ್ನೆ ತಮಾಷೆಗೆ ಇವೆ. ಒತ್ತಿದರೆ ಏನೋ ಒಂದು ಆಗುತ್ತದೆ, ಯಾವ ಪಾಠವೂ ಇಲ್ಲ.

ಈ ತಮಾಷೆಯ ವಸ್ತುಗಳು ಬರೀ ಅಲಂಕಾರ ಅಂದುಕೊಳ್ಳಬೇಡಿ. ಒತ್ತಿದ್ದೆಲ್ಲ ಏನಾದರೂ ಮಾಡುತ್ತದೆ ಅಂತ ಗೊತ್ತಾದ ಮಗು ಎಲ್ಲವನ್ನೂ ಒತ್ತಿ ನೋಡುತ್ತದೆ, ಹಾಗೆ ನೋಡುತ್ತಾ ಆಟಗಳನ್ನು ತಾನೇ ಕಂಡುಹಿಡಿಯುತ್ತದೆ. ಅಲ್ಲಿ ತಪ್ಪು ಗುಂಡಿ ಅನ್ನುವುದೇ ಇಲ್ಲ. ಓದಲು ಬಾರದ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಆ ಹೊತ್ತಿಗೆ ಯಾರೂ ಮಾಡಿರಲಿಲ್ಲ ಅಂತ ನನ್ನ ಅನಿಸಿಕೆ.

ಆಮೇಲೆ ಸಿಡಿ ಬಂತು. 140 ಕೆಬಿಯ ಫ್ಲಾಪಿ ಇದ್ದ ಜಾಗದಲ್ಲಿ 650 ಎಂಬಿ. ಆಟಗಳು ಮಾತಾಡತೊಡಗಿದವು, ಸೂಚನೆ ಓದುವ ಕಷ್ಟ ತಪ್ಪಿತು. ಜೊತೆಗೆ ಮೂರಕ್ಷರದ ಜಿಪುಣತನವೂ ಹೋಯಿತು.

ಇವತ್ತು ಆಡಬೇಕೆಂದರೆ

ಈ ಸಂಗ್ರಹಗಳು ಉಳಿದ ರೀತಿಯೂ ವಿಚಿತ್ರ. ಆ ಕಾಲದ ಫ್ಲಾಪಿಗಳಿಗೆ ನಕಲು ಮಾಡದ ಹಾಗೆ ಬೀಗ ಹಾಕಿರುತ್ತಿದ್ದರು. ಶೂಟಿಂಗ್ ಆಟಗಳ ಬೀಗವನ್ನು ಆಗಿನ ಹುಡುಗರೇ ಮುರಿದು ಹಂಚಿಕೊಂಡರು, ಅವು ನೂರಾರು ಪ್ರತಿಯಾಗಿ ಉಳಿದವು. ಕಾಗುಣಿತದ ಆಟದ ಬೀಗ ಮುರಿಯುವ ಉಮೇದು ಯಾರಿಗಿತ್ತು? ಹಾಗಾಗಿ ಅವು ಮೂಲ ಫ್ಲಾಪಿಯಲ್ಲೇ ಉಳಿದವು. ಫ್ಲಾಪಿಯ ಕಾಂತ ವರ್ಷ ಕಳೆದ ಹಾಗೆ ಸೋರುತ್ತದೆ. ‘4ಎಎಂ’ ಎಂಬ ಅಡ್ಡಹೆಸರಿನವರೊಬ್ಬರು ಇತ್ತೀಚಿನ ವರ್ಷಗಳಲ್ಲಿ ಇಂಥ ಆಪಲ್ 2 ಫ್ಲಾಪಿಗಳ ಬೀಗವನ್ನು ಒಂದೊಂದಾಗಿ ಬಿಚ್ಚಿ, ಬಿಚ್ಚಿದ್ದು ಹೇಗೆ ಅಂತಲೂ ಬರೆದಿಟ್ಟು, ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹ ಜಾಲತಾಣಕ್ಕೆ ಸೇರಿಸಿದ್ದಾರೆ. ಅಲ್ಲಿ ಬ್ರೌಸರಿನಲ್ಲೇ ಆಡಬಹುದು. ಹಳೆಯ ಕಂಪ್ಯೂಟರಿನಂತೆ ನಟಿಸುವ ಎಮ್ಯುಲೇಟರ್ ಅನ್ನುವ ಸಾಫ್ಟ್‌ವೇರ್ ಹಿಂದೆ ಓಡುತ್ತಿರುತ್ತದೆ. ಪಿಸಿಯ ಹಳೆಯ ಆಟ ಓಡಿಸುವಾಗ ಒಂದು ಎಚ್ಚರ: ನಿಧಾನದ ಪ್ರೊಸೆಸರ್ ನೆಚ್ಚಿ ಬರೆದ ಆಟ ಈಗಿನ ವೇಗದಲ್ಲಿ ಕಣ್ಣಿಗೇ ಸಿಗದ ಹಾಗೆ ಓಡುತ್ತದೆ. ಹಳೆಯ ಪಿಸಿ ಆಟಗಳ ಎಮ್ಯುಲೇಟರ್ ಆದ ಡಾಸ್‌ಬಾಕ್ಸ್‌ನಲ್ಲಿ ವೇಗ ತಗ್ಗಿಸುವ ಸೌಲಭ್ಯ ಇದೆ.

ಎಮ್ಯುಲೇಟರಿಗೂ ಸಿಗದ ಒಂದು ಭಾಗ ಉಂಟು. ಲರ್ನಿಂಗ್ ಕಂಪನಿಯದೇ 1982ರ ‘ಜಗಲ್ಸ್ ರೇನ್‌ಬೋ’ ಮೂರು ವರ್ಷದವರಿಗೂ ಆಗುವ ಆಟ. ಮೇಲೆ, ಕೆಳಗೆ, ಎಡ, ಬಲ ಕಲಿಸುತ್ತದೆ. ಕೀಬೋರ್ಡಿನ ಮೇಲೆ ಒಂದು ಪಟ್ಟಿ ಇಟ್ಟು ಅದನ್ನು ಎರಡು ಪಾಲು ಮಾಡಬೇಕು. ಪಟ್ಟಿಯ ಮೇಲಿನ ಯಾವ ಕೀ ಒತ್ತಿದರೂ ‘ಮೇಲೆ’, ಕೆಳಗಿನ ಯಾವುದೇ ಆದರೂ ‘ಕೆಳಗೆ’. ಅಂಗೈಯಿಂದ ಬಡಿದರೂ ನಡೆಯುತ್ತದೆ. ಫ್ಲಾಪಿಯ ನಕಲಿನಲ್ಲಿ ಆ ಪಟ್ಟಿ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಆಡುವುದಾದರೆ ಕೀಗಳ ನಡುವಿನ ಸಾಲಿನ ಮೇಲೆ ಉದ್ದಕ್ಕೆ ಮಡಚಿದ ಒಂದು ಕಾಗದ ಇಟ್ಟುಕೊಳ್ಳಿ.